ಓದದ ಕಾಲೇಜಿನ ಟೀಮಿಗೆ ಇಷ್ಟು ವರ್ಷ ಕೂಗಿದ್ದೇನೆ, ಈ ಪೇಪರ್ ಕಟಿಂಗ್‌ಗಳನ್ನು ಯಾರಿಗೆ ಕೊಡಲಿ?

ಮಾಟುಂಗಾದ ಹಳಬ

ಎಲ್ಲರಿಗೂ ನಮಸ್ಕಾರ. ಮುಂಬೈ ಕಾಲೇಜು ಕ್ರಿಕೆಟ್ ಗೊತ್ತಿರುವ ಕನ್ನಡದವರು ಇದ್ದರೆ ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ.

ನಾನು ಉಡುಪಿ ಕಡೆಯವನು. ಎಪ್ಪತ್ತರ ದಶಕದಲ್ಲಿ ಮಾವನ ಹೋಟೆಲಿಗೆ ಅಂತ ಮಾಟುಂಗಾಕ್ಕೆ ಬಂದೆ. ಹಗಲು ಗಲ್ಲಾ, ಸಂಜೆ ಮೇಲೆ ಕನ್ನಡ ರಾತ್ರಿ ಶಾಲೆ. ರುಯಿಯಾ, ಪೋದಾರ್ ಎರಡೂ ಕಾಲೇಜು ಅಕ್ಕಪಕ್ಕ, ಅಲ್ಲಿಂದ ನಮ್ಮ ಹೋಟೆಲಿಗೆ ನಡೆದೇ ಬರಬಹುದು. ಪ್ರಾಕ್ಟೀಸ್ ಮುಗಿಸಿದ ಹುಡುಗರು ಕಿಟ್ ಬ್ಯಾಗನ್ನು ಟೇಬಲ್ ಕೆಳಗೆ ತಳ್ಳಿ ಕೂರುತ್ತಿದ್ದರು. ಬೌಲರ್ ಯಾರು ಅಂತ ಕೇಳಬೇಕಾಗಿರಲಿಲ್ಲ, ಬಿಳಿ ಪ್ಯಾಂಟಿನ ತೊಡೆ ಮೇಲೆ ಚೆಂಡು ಉಜ್ಜಿದ ಕೆಂಪು ಗುರುತು ಇರುತ್ತಿತ್ತು. ಇಡ್ಲಿ ಬರುವ ತನಕ ಟೇಬಲ್ ಮೇಲೆ ಉಪ್ಪಿನ ಡಬ್ಬಿ, ನೀರಿನ ಲೋಟ, ಚಮಚ ಎಲ್ಲ ಜೋಡಿಸಿ ಯಾವ ಫೀಲ್ಡರ್ ಎಲ್ಲಿ ನಿಲ್ಲಬೇಕಿತ್ತು ಅಂತ ಜಗಳ. ಗಲ್ಲಾದಲ್ಲಿ ಕೂತು ಅದನ್ನೆಲ್ಲ ಕೇಳಿ ಕೇಳಿ ನನಗೂ ಹುಚ್ಚು ಹಿಡಿಯಿತು. ಮಧ್ಯಾಹ್ನ ಹೋಟೆಲಿನಲ್ಲಿ ರಶ್ ಇಳಿದ ಮೇಲೆ ಎರಡು ಗಂಟೆ ಬಿಡುವು ಸಿಕ್ಕರೆ ಸಾಕು, ಮೈದಾನಕ್ಕೆ ಓಡುತ್ತಿದ್ದೆ.

ಪೋದಾರ್ ನನ್ನ ಟೀಮಾಯಿತು. ಯಾಕೆ ಅಂದರೆ ದಿಲೀಪ್ ವೆಂಗ್‌ಸರ್ಕಾರ್ ಅಲ್ಲಿಂದ ಬಂದವರು, ಆಮೇಲೆ ರವಿ ಶಾಸ್ತ್ರಿ. ಶಾಸ್ತ್ರಿಯ ಹೆಸರು ಮಾಟುಂಗಾದಲ್ಲಿ ಅದಕ್ಕೂ ಮೊದಲೇ ಎಲ್ಲರಿಗೂ ಗೊತ್ತಿತ್ತು. 1977ರಲ್ಲಿ ಡಾನ್ ಬಾಸ್ಕೋ ಶಾಲೆ ಮೊದಲ ಸಲ ಗೈಲ್ಸ್ ಶೀಲ್ಡ್ ಅನ್ನುವ ಶಾಲಾ ಟೂರ್ನಿ ಗೆದ್ದಾಗ ಕ್ಯಾಪ್ಟನ್ ಅವರೇ. ಅವರ ಮನೆತನ ಮೂಲದಲ್ಲಿ ಮಂಗಳೂರು ಕಡೆಯದು ಅಂತ ತಿಳಿದ ಮೇಲೆ ನಮ್ಮ ಅಡುಗೆಯವರೂ ಒಳಗಿನಿಂದಲೇ ಸ್ಕೋರ್ ಕೇಳಲು ಶುರು ಮಾಡಿದರು. ಕಾಲೇಜಿನಲ್ಲಿ ಇರುವಾಗಲೇ ಬಾಂಬೆ ರಣಜಿ ಟೀಮಿಗೆ ಬಂದರು, 1981ರಲ್ಲಿ ಹದಿನೆಂಟನೇ ವಯಸ್ಸಿಗೆ ನ್ಯೂಜಿಲೆಂಡ್‌ಗೆ ಹೋಗಿ ವೆಲ್ಲಿಂಗ್ಟನ್‌ನಲ್ಲಿ ಟೆಸ್ಟ್ ಆಡಿಯೇಬಿಟ್ಟರು. ಆ ವಾರ ನಮ್ಮ ಹೋಟೆಲಿನಲ್ಲಿ ಬೇರೆ ಮಾತೇ ಇರಲಿಲ್ಲ. ರುಯಿಯಾದವರು ಸುಮ್ನೆ ಇರುತ್ತಾರಾ? ಅವರು ಸಂದೀಪ್ ಪಾಟೀಲ್ ಹೆಸರು ಹಿಡಿದು ಬರುತ್ತಿದ್ದರು.

ಹೋಟೆಲಿನ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ನಾನು ಕಟಿಂಗ್ ಅಂಟಿಸುತ್ತಾ ಬಂದೆ. ಅಂತರ ಕಾಲೇಜು, ಯೂನಿವರ್ಸಿಟಿಗಳು ಆಡುವ ರೋಹಿಂಟನ್ ಬಾರಿಯಾ ಟೂರ್ನಿ, ಮಳೆಗಾಲದ ಕಾಂಗಾ ಲೀಗ್ ಎಲ್ಲವೂ ಇದೆ. ಪೇಪರಿನಲ್ಲಿ ಎರಡು ಸಾಲು ಬಂದರೂ ಬಿಟ್ಟಿಲ್ಲ. ಪಕ್ಕದಲ್ಲಿ ಕನ್ನಡದಲ್ಲಿ ನನ್ನ ಟಿಪ್ಪಣಿ, ಯಾರು ಹೇಗೆ ಆಡಿದರು, ಪಿಚ್ ಹೇಗಿತ್ತು, ಯಾರಿಗೆ ಅನ್ಯಾಯ ಆಯಿತು ಅಂತ.

ಈಗ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ನಾವು ಡೊಂಬಿವಿಲಿಗೆ ಹೋಗಬೇಕು. ಮಗ ರದ್ದಿಗೆ ಹಾಕೋಣ ಅಂತಿದ್ದಾನೆ. ಒಂದು ಕಡೆ ವಿಚಾರಿಸಿದೆ, ನಿಮ್ಮದು ಯಾವ ಬ್ಯಾಚ್ ಅಂತ ಕೇಳಿದರು. ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ ಅಂದ ಕೂಡಲೇ ಮಾತು ಅಲ್ಲಿಗೇ ನಿಂತಿತು. ಹಾಗಾಗಿ ನನ್ನದು ಎರಡು ಪ್ರಶ್ನೆ. ಇದನ್ನು ಯಾರಿಗೆ ಕೊಟ್ಟರೆ ಉಳಿಯುತ್ತದೆ? ಓದದ ಕಾಲೇಜನ್ನು ನಮ್ಮ ಟೀಮು ಅನ್ನುವ ಹಕ್ಕು ನನಗೆ ಇದೆಯಾ?

ಥಾಣೆ ಲೆಗ್‌ಸ್ಪಿನ್

ಅಣ್ಣಾ, ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಇದೆ. ನಾನು ಎಂಬತ್ತರ ದಶಕದಲ್ಲಿ ಬೇರೆ ಕಾಲೇಜಿಗೆ ಆಡಿದವನು, ನಿಮ್ಮ ಪೋದಾರ್ ಕೈಯಲ್ಲಿ ಚೆನ್ನಾಗಿ ಹೊಡೆಸಿಕೊಂಡಿದ್ದೇನೆ. ನಮ್ಮ ಮ್ಯಾಚ್ ನೋಡಲು ನಮ್ಮ ಕ್ಲಾಸಿನವರೇ ಬರುತ್ತಿರಲಿಲ್ಲ. ಬರುತ್ತಿದ್ದವರು ಯಾರು ಗೊತ್ತಾ? ಬ್ಯಾಂಕಿನಿಂದ ಊಟದ ಹೊತ್ತಿಗೆ ತಪ್ಪಿಸಿಕೊಂಡು ಬಂದ ಕ್ಲಾರ್ಕುಗಳು, ರಿಟೈರಾದವರು, ನಿಮ್ಮ ಹಾಗೆ ಹೋಟೆಲಿನವರು. ಬೌಂಡರಿ ಪಕ್ಕ ಮರದ ಕೆಳಗೆ ನಿಂತು ಒಳ್ಳೆ ಬಾಲಿಗೆ ಒಬ್ಬ ಮನುಷ್ಯ ಚಪ್ಪಾಳೆ ಹೊಡೆದರೂ ಬೌಲರಿಗೆ ಅದು ಕೇಳಿಸುತ್ತದೆ. ನನಗೆ ಕೇಳಿಸಿದೆ.

ಇನ್ನೊಂದು ವಿಷಯ. ಕಾಲೇಜು ಕ್ರಿಕೆಟ್ ಅಂದರೆ ಚಿಕ್ಕ ಹುಡುಗರ ಆಟ ಅಂತ ಈಗಿನವರು ತಿಳಿದಿದ್ದಾರೆ. 1971ರ ವೆಸ್ಟ್ ಇಂಡೀಸ್ ಸರಣಿ ತೆಗೆದುಕೊಳ್ಳಿ, ನಾವು ಅಲ್ಲಿ ಮೊದಲ ಸಲ ಗೆದ್ದದ್ದು. ಗಾವಸ್ಕರ್ 774 ರನ್, ದಿಲೀಪ್ ಸರ್ದೇಸಾಯಿ 642, ಕ್ಯಾಪ್ಟನ್ ಅಜಿತ್ ವಾಡೇಕರ್. ಮೂರೂ ಜನ ಬಾಂಬೆ ಯೂನಿವರ್ಸಿಟಿಗೆ ರೋಹಿಂಟನ್ ಬಾರಿಯಾ ಆಡಿ ಬಂದವರು. ಆ ಟೂರ್ನಿಯಲ್ಲಿ ವಾಡೇಕರ್ ಹೆಸರಿನಲ್ಲಿ 324ರ ದಾಖಲೆ ಇತ್ತು, ಗಾವಸ್ಕರ್ 327 ಹೊಡೆದು ಅದನ್ನು ಮುರಿದರು. ಸರ್ದೇಸಾಯಿ ಮಡಗಾಂವಿನಿಂದ 1957ರಲ್ಲಿ ಮುಂಬೈಗೆ ಬಂದ ಹುಡುಗ, ಮೂರೇ ವರ್ಷದೊಳಗೆ, 1959-60ರ ರೋಹಿಂಟನ್ ಬಾರಿಯಾದಲ್ಲಿ 435 ರನ್ ಹೊಡೆದು ಎಲ್ಲರ ಕಣ್ಣಿಗೆ ಬಿದ್ದ.

ವಾಡೇಕರ್ ಕಥೆ ನಿಮಗೆ ಗೊತ್ತೇ ಇರುತ್ತದೆ, ಬೇರೆಯವರಿಗಾಗಿ ಬರೆಯುತ್ತೇನೆ. ಅವರಿಗೆ ಎಂಜಿನಿಯರ್ ಆಗುವ ಯೋಚನೆ. ಎಲ್ಫಿನ್‌ಸ್ಟನ್ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಸೀನಿಯರ್ ಬಾಳೂ ಗುಪ್ತೆ, ನಮ್ಮ ಟೀಮಿಗೆ ಹನ್ನೆರಡನೇ ಆಟಗಾರ ಬೇಕು, ಬರ್ತೀಯಾ ಅಂತ ಕೇಳಿದರು. ದಿನಕ್ಕೆ 3 ರೂಪಾಯಿ. ಆ ಹುಡುಗನಿಗೆ ಆಗ ಅದು ದೊಡ್ಡ ದುಡ್ಡು. ಅಲ್ಲಿಂದ ಶುರುವಾದದ್ದು ಲಾರ್ಡ್ಸ್, ಓವಲ್ ತನಕ ಹೋಯಿತು. ಇಂಥದ್ದು ಸ್ಕೋರ್‌ಕಾರ್ಡಿನಲ್ಲಿ ಸಿಗುವುದಿಲ್ಲ, ಯಾರೋ ನೆನಪಿಟ್ಟು ಹೇಳಿದ್ದಕ್ಕೇ ನಮಗೆ ಗೊತ್ತು. ನಿಮ್ಮ ಪುಸ್ತಕದ ಪಕ್ಕದ ಟಿಪ್ಪಣಿಗಳಿಗೆ ಕಟಿಂಗ್‌ಗಿಂತ ಜಾಸ್ತಿ ಬೆಲೆ ಇದೆ ಅಂತ ನಾನು ಹೇಳುವುದು ಇದಕ್ಕೇ.

ಮುಲುಂಡ್ ಹುಡುಗ

ಸರ್, ನಿಮ್ಮ ಪ್ರೀತಿಗೆ ಕೈ ಮುಗಿಯುತ್ತೇನೆ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಕಾಲೇಜು ಕ್ರಿಕೆಟ್‌ನ ಕಾಲ ಮುಗಿದಿದೆ. ನಾನು ಈಗಷ್ಟೇ ಡಿಗ್ರಿ ಮುಗಿಸಿದವನು, ನನ್ನ ಕ್ಲಾಸಿನಲ್ಲಿ ಚೆನ್ನಾಗಿ ಆಡುವವರು ಕಾಲೇಜಿಗೆ ಆಡಲು ಕಾಯುವುದೇ ಇಲ್ಲ. ಅಕಾಡೆಮಿ, ಕ್ಲಬ್, ಬೋರ್ಡಿನ ವಯಸ್ಸಿನ ಪ್ರಕಾರದ ಟೂರ್ನಿಗಳು, ಅಲ್ಲಿಂದ ಸೀದಾ ಐಪಿಎಲ್ ಕನಸು. ಪೃಥ್ವಿ ಶಾ 2013ರಲ್ಲಿ ಹ್ಯಾರಿಸ್ ಶೀಲ್ಡ್‌ನಲ್ಲಿ 546 ಹೊಡೆದಾಗ ಸ್ಕೂಲ್ ಹುಡುಗ. ಅವನಿಗೆ ಕಾಲೇಜು ಟೀಮಿನಿಂದ ಏನಾಗಬೇಕಿತ್ತು? ನಿಮ್ಮ ಪುಸ್ತಕ ಉಳಿಯಲಿ, ಆದರೆ ಆಟ ಮತ್ತೆ ಹಾಗಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಥಾಣೆ ಲೆಗ್‌ಸ್ಪಿನ್

ತಮ್ಮಾ, ನೀನು ಹೇಳಿದ್ದು ಅರ್ಧ ಸರಿ. ದಾರಿ ಬದಲಾಗಿದೆ, ಒಪ್ಪುತ್ತೇನೆ. ಮೊದಲು ಆಯ್ಕೆದಾರರ ಕಣ್ಣಿಗೆ ಬೀಳಲು ಕಾಲೇಜು ದೊಡ್ಡ ಬಾಗಿಲಾಗಿತ್ತು. ಪಾಲಿ ಉಮ್ರಿಗರ್ 1948ರಲ್ಲಿ ಇಲ್ಲಿಗೆ ಬಂದ ವೆಸ್ಟ್ ಇಂಡೀಸ್ ಮೇಲೆ ಯೂನಿವರ್ಸಿಟಿಗಳ ಜಂಟಿ ಟೀಮಿಗೆ ಆಡಿ ಔಟಾಗದೆ 115 ಹೊಡೆದರು, ಅದೇ ಸರಣಿಯಲ್ಲಿ ಟೆಸ್ಟ್ ಆಡಿದರು. ಹೊರಗಿನ ದೇಶದ ಟೀಮು ಬಂದು ಕಾಲೇಜು ಹುಡುಗರ ಜೊತೆ ಆಡುವುದನ್ನು ಈಗ ಊಹಿಸಲೂ ಆಗುವುದಿಲ್ಲ. ಆದರೆ ಟೆಸ್ಟ್‌ಗೆ ಹೋಗದ ಹುಡುಗರೇ ಜಾಸ್ತಿ ಅಲ್ವಾ? ನನ್ನಂಥವನಿಗೆ ಕಾಲೇಜು ಟೀಮೇ ಅತಿ ಎತ್ತರದ ಮೆಟ್ಟಿಲು. ನಾನು ಒಂದು ಮ್ಯಾಚಿನಲ್ಲಿ ಐದು ವಿಕೆಟ್ ತೆಗೆದದ್ದಕ್ಕೆ ಈಗ ಸಾಕ್ಷಿ ಇದ್ದರೆ ಅದು ಅಣ್ಣನ ಲೆಕ್ಕದ ಪುಸ್ತಕದಂಥ ಜಾಗದಲ್ಲಿ ಮಾತ್ರ.

ಕಲೀನಾ ಕನ್ನಡತಿ

ನಾನು ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರಾದವಳು. ಅಣ್ಣ, ಯಾರಿಗೆ ಕೊಡುವುದು ಅನ್ನುವ ಮೊದಲು ಒಂದು ಪ್ರಶ್ನೆ, ಏನು ಹಾಕಿ ಅಂಟಿಸಿದ್ದೀರಿ? ಹೋಟೆಲು ಅಂದಿರಲ್ಲ, ಮೈದಾ ಅಂಟು ಇರಬಹುದು ಅಂತ ನನ್ನ ಅನುಮಾನ. ಹಾಗಿದ್ದರೆ ಜಾಗ್ರತೆ. ಮೈದಾ ಅಂಟು ಜಿರಳೆಗೂ ಬೆಳ್ಳಿ ಹುಳಕ್ಕೂ ಊಟ, ಮುಂಬೈ ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ.

ದಯವಿಟ್ಟು ಕಟಿಂಗ್ ಕಿತ್ತು ಬೇರೆ ಕಡೆ ಅಂಟಿಸಲು ಹೋಗಬೇಡಿ, ಹರಿಯುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ನ್ಯೂಸ್‌ಪ್ರಿಂಟ್ ಕಾಗದದಲ್ಲೇ ಆಸಿಡ್ ಅಂಶ ಇರುತ್ತದೆ, ಅದಕ್ಕೇ ಹಳದಿಯಾಗಿ ಪುಡಿಯಾಗುವುದು, ಪ್ಲಾಸ್ಟಿಕ್ ಒಳಗೆ ಮುಚ್ಚಿಟ್ಟರೂ ಅದು ನಿಲ್ಲುವುದಿಲ್ಲ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಸೆಲ್ಲೋಟೇಪ್ ಕೂಡ ಕಂದು ಕಲೆ ಬಿಡುತ್ತದೆ. ಪುಸ್ತಕವನ್ನು ಪುಸ್ತಕವಾಗಿಯೇ ಇಡಿ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗದಲ್ಲಿ ಟೇಬಲ್ ಮೇಲೆ ಹರಡಿ, ಒಂದೊಂದೇ ಪುಟದ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಮೊಬೈಲ್ ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡ್ ಹಾಕಿ. ಫ್ಲ್ಯಾಶ್ ಬೇಡ. ಯಾವ ಪೇಪರು, ಯಾವ ತಾರೀಕು ಅಂತ ಗೊತ್ತಿದ್ದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ತಾರೀಕಿಲ್ಲದ ಕಟಿಂಗ್ ಲೈಬ್ರರಿಯವರಿಗೆ ದೊಡ್ಡ ತಲೆನೋವು, ಅನುಭವದಿಂದ ಹೇಳುತ್ತಿದ್ದೇನೆ. ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ, ನಿಲ್ಲಿಸಬೇಡಿ.

ಕೊಡುವ ವಿಷಯ. ನಿಮ್ಮ ಮಾಟುಂಗಾದಲ್ಲೇ ಮೈಸೂರು ಅಸೋಸಿಯೇಷನ್ ಇದೆ, 1926ರಿಂದ ನಡೆದುಕೊಂಡು ಬಂದದ್ದು. ಟಿಪ್ಪಣಿ ಕನ್ನಡದಲ್ಲಿ ಇರುವುದರಿಂದ ಅಲ್ಲಿ ಕೇಳಿ ನೋಡಿ. ಕಲೀನಾದಲ್ಲಿ ಮುಂಬೈ ಯೂನಿವರ್ಸಿಟಿಯ ಕನ್ನಡ ವಿಭಾಗದವರನ್ನೂ ಕೇಳಬಹುದು. ಮುಂಬೈಗೆ ಬಂದ ಹೋಟೆಲ್ ಹುಡುಗರು, ರಾತ್ರಿ ಶಾಲೆಗಳು, ಅವರ ಬಿಡುವಿನ ಹೊತ್ತು, ಇದರ ಬಗ್ಗೆ ಓದುವವರಿಗೆ ನಿಮ್ಮ ಪುಸ್ತಕ ಬೇಕು. ಅವರು ಕ್ರಿಕೆಟ್‌ಗಾಗಿ ಓದದೇ ಇರಬಹುದು. ಎಲ್ಲಿಗೇ ಕೊಟ್ಟರೂ ಬರವಣಿಗೆಯಲ್ಲಿ ಒಂದು ರಸೀದಿ ತೆಗೆದುಕೊಳ್ಳಿ, ಫೋಟೋಗಳ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಪುಣೆ ಸದಾಶಿವ ಪೇಟೆ

ಮಾಟುಂಗಾ ಅಣ್ಣನಿಗೆ ಒಂದು ಸಂಬಂಧ ತೋರಿಸುತ್ತೇನೆ. ರುಯಿಯಾ, ಪೋದಾರ್ ಎರಡನ್ನೂ ನಡೆಸುವುದು ಪುಣೆಯ ಶಿಕ್ಷಣ ಪ್ರಸಾರಕ ಮಂಡಳಿ. ಅದೇ ಮಂಡಳಿಯ ಎಸ್.ಪಿ. ಕಾಲೇಜು ನಮ್ಮ ಮನೆ ಹತ್ತಿರ. ಪ್ರೊಫೆಸರ್ ಡಿ.ಬಿ. ದೇವಧರ್ ಅಲ್ಲೇ ಸಂಸ್ಕೃತ ಕಲಿಸುತ್ತಿದ್ದರು. 1940-41ರ ರಣಜಿಯಲ್ಲಿ 246 ಹೊಡೆದಾಗ ಅವರಿಗೆ ಐವತ್ತು ಹತ್ತಿರ ಬಂದಿತ್ತು. ನೂರು ದಾಟಿ ಬದುಕಿದರು. ಹಗಲು ಕ್ಲಾಸಿನಲ್ಲಿ ಪಾಠ, ಆಮೇಲೆ ಪ್ಯಾಡ್ ಕಟ್ಟುವುದು, ಅಂಥ ಮೇಷ್ಟ್ರು ಇದ್ದ ಕಾಲೇಜಿನ ಹುಡುಗರು ಕ್ರಿಕೆಟ್ ಆಡದೇ ಇರುತ್ತಾರಾ?

ಪುಣೆ ಸಹಕಾರನಗರದಲ್ಲಿ ಬ್ಲೇಡ್ಸ್ ಆಫ್ ಗ್ಲೋರಿ ಅಂತ ಕ್ರಿಕೆಟ್ ಮ್ಯೂಸಿಯಂ ಇದೆ, 2012ರಲ್ಲಿ ಸಚಿನ್ ಉದ್ಘಾಟಿಸಿದ್ದು. ಬ್ಯಾಟು, ಸಹಿ ಹಾಕಿದ ಸಾಮಾನು ಅಲ್ಲಿ ಜಾಸ್ತಿ. ಲೆಕ್ಕದ ಪುಸ್ತಕ ಅಲ್ಲಿಗೆ ಹೊಂದುವುದಿಲ್ಲ ಅಂತ ನನಗನಿಸುತ್ತದೆ, ಅಕ್ಕ ಹೇಳಿದ ದಾರಿಯೇ ಒಳ್ಳೆಯದು.

ಹಕ್ಕಿನ ಪ್ರಶ್ನೆಗೆ ನನ್ನದೂ ಒಂದು ಮಾತು. ಮುಲ್ಕಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಬುಧಿ ಕುಂದರನ್ ಶಾಲೆಯ ಟೀಮಿಗೆ ಆಯ್ಕೆಯಾದಾಗ ಅಪ್ಪನಿಗೆ ಕ್ರಿಕೆಟ್ ಇಷ್ಟವಿರಲಿಲ್ಲ. ಅಮ್ಮ ಅಪ್ಪನ ಬಟ್ಟೆಯನ್ನೇ ಸರಿ ಮಾಡಿ ಮಗನಿಗೆ ತೊಡಿಸಿ ಕಳಿಸಿದರು. ಹುಡುಗ ಡಬಲ್ ಸೆಂಚುರಿ ಹೊಡೆದ. ಮುಂದೆ ರಣಜಿ ಆಡುವ ಮೊದಲೇ ಟೆಸ್ಟ್ ಆಡಿದ. ಆ ತಾಯಿ ಯಾವ ಬ್ಯಾಚ್ ಅಂತ ಕೇಳುತ್ತೀರಾ?

ಮಾಟುಂಗಾದ ಹಳಬ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಲೀನಾ ಅಕ್ಕಾ, ನಿಮ್ಮ ಅನುಮಾನ ಸರಿ, ಅದು ಮೈದಾ ಅಂಟೇ. ಬೆಳಿಗ್ಗೆ ಅಡುಗೆಮನೆಯಲ್ಲೇ ಕುದಿಸುತ್ತಿದ್ದೆ. ಎರಡು ಪುಸ್ತಕದ ಬೆನ್ನು ಹುಳ ತಿಂದಿದೆ, ಒಳಗಿನ ಪುಟ ಸರಿ ಇವೆ. ಕಿತ್ತು ಬೇರೆ ಕಡೆ ಅಂಟಿಸಬೇಕು ಅಂತಿದ್ದೆ, ನೀವು ಹೇಳಿದ ಮೇಲೆ ಮುಟ್ಟುವುದಿಲ್ಲ. ಮಗ ಈ ಥ್ರೆಡ್ ಓದಿದ. ಸ್ಟ್ಯಾಂಡ್ ಅವನೇ ತರುತ್ತಾನಂತೆ, ಫೋಟೋವನ್ನೂ ಅವನೇ ತೆಗೆಯುತ್ತಾನಂತೆ.

ಮುಲುಂಡಿನ ಹುಡುಗನಿಗೆ: ಆಟ ಮೊದಲಿನ ಹಾಗೆ ಆಗಬೇಕು ಅಂತ ನಾನು ಕೇಳಲಿಲ್ಲಪ್ಪ. ಜುಲೈ ಬಂದರೆ ಕಾಂಗಾ ಲೀಗ್ ಈಗಲೂ ಇದೆ. 1948ರಿಂದ ಮಳೆಗಾಲದಲ್ಲೇ ಆಡುವ ಲೀಗು ಅದು. ಮುಚ್ಚದ ಒದ್ದೆ ಪಿಚ್ ಮೇಲೆ ಬಾಲ್ ಎತ್ತ ತಿರುಗುತ್ತದೆ ಅಂತ ಬೌಲರಿಗೇ ಗೊತ್ತಿರುವುದಿಲ್ಲ, ಹುಲ್ಲು ಬೆಳೆದಿರುತ್ತದೆ, ಚೆನ್ನಾಗಿ ಹೊಡೆದ ಡ್ರೈವ್ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಅಲ್ಲಿ ಮೂವತ್ತು ರನ್ ಹೊಡೆದವನನ್ನು ನೋಡಿದರೆ ಕ್ರಿಕೆಟ್ ಅಂದರೇನು ಅಂತ ತಿಳಿಯುತ್ತದೆ. ಒಂದು ಭಾನುವಾರ ಆಜಾದ್ ಮೈದಾನಕ್ಕೆ ಬಾ, ಜೊತೆಗೆ ನಿಂತು ನೋಡೋಣ.

ಪುಣೆಯವರೇ, ಎಸ್.ಪಿ. ಕಾಲೇಜಿನ ವಿಷಯ ನನಗೆ ಹೊಸದು. ಇಷ್ಟು ವರ್ಷ ರುಯಿಯಾದವರ ಜೊತೆ ಜಗಳ ಆಡಿದ್ದೇನೆ, ಎರಡೂ ಒಂದೇ ಮನೆಯವು ಅಂತ ಯಾರೂ ಹೇಳಿರಲಿಲ್ಲ ಮಾರಾಯ್ರೆ.

ಥಾಣೆಯವರು ಯಾವ ಕಾಲೇಜು, ಯಾವ ವರ್ಷ ಅಂತ ತಿಳಿಸಿ. ಐದು ವಿಕೆಟ್ ಅಂದಿರಲ್ಲ, ಎಂಬತ್ತರ ದಶಕದ ಪುಸ್ತಕಗಳು ಪೂರ್ತಿ ಇವೆ, ಹುಡುಕುತ್ತೇನೆ.