ಮಾರ್ಚ್ ಕೊನೆಯಲ್ಲಿ ಗೋಕರ್ಣ–ಕುಮಟಾ ಕಡೆ ನಾಲ್ಕು ದಿನ: ಅತ್ತೆಗೂ ಮಗನಿಗೂ ಆಗುವಂಥದ್ದು ಏನಿದೆ?

ದಾವಣಗೆರೆ_ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗನ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಕೊನೆಗೆ, ನಾಲ್ಕು ದಿನ ಗೋಕರ್ಣ, ಕುಮಟಾ ಕಡೆ ಬರಬೇಕು ಅಂತಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ, ಜೊತೆಗೆ ನಮ್ಮತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿನೋವು ಇದೆ. ಸಮತಟ್ಟಾದ ಕಡೆ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಗೋಕರ್ಣದ ದರ್ಶನ ಅವರ ಬಹಳ ದಿನದ ಆಸೆ.

ಮಗನಿಗೆ ಹುಳ, ಕಲ್ಲು, ಚಿಪ್ಪು ಅಂದ್ರೆ ಪ್ರಾಣ. ನಮಗ್ಯಾರಿಗೂ ಈಜು ಬರುವುದಿಲ್ಲ.

ಯಾವ ಪಟ್ಟಿ ನೋಡಿದರೂ ಅದೇ ಬೀಚುಗಳು, ಯಾಣ, ಮುರ್ಡೇಶ್ವರ. ಅದನ್ನೆಲ್ಲ ನೋಡಲು ಹೊರಟರೆ ದಿನವಿಡೀ ಕಾರಲ್ಲೇ ಕೂರಬೇಕು. ಆ ಕಡೆಯವರು ಯಾರಾದರೂ ಹೇಳಿ. ಕಡಲ ದಂಡೆಯಲ್ಲಿ ನಾವು ನಿಜವಾಗಿ ಏನು ಮಾಡಬಹುದು? ಅಲ್ಲಿ ಬಂಡೆಗಳು ಜಾಸ್ತಿ ಅಂತಾರೆ. ಮಗನನ್ನು ಅತ್ತ ಬಿಡಬಹುದಾ?

ಕುಮಟೆ_ಟೀಚರ್ ಬರೆದದ್ದು:

ತಂಗೀ, ನಾನು ಕುಮಟೆಯವಳು. ಕಡಲ ಬದಿಯ ಶಾಲೆಗಳಲ್ಲೇ ಪಾಠ ಮಾಡಿ ನಿವೃತ್ತಿಯಾದವಳು. ನಿಮ್ಮ ಮಗನ ವಯಸ್ಸಿನ ಮಕ್ಕಳನ್ನು ಸಾಲು ಹಿಡಿಸಿ ಬಂಡೆಗಳ ಕಡೆ ಕರೆದುಕೊಂಡು ಹೋಗುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ರೂಮು ಬುಕ್ ಮಾಡುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಿನ ಜಾವ ಐದು ಆರರ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತದೆ. ಸಂಜೆಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಕಡಲು ಅತಿ ಹೆಚ್ಚು ಹಿಂದೆ ಸರಿಯುವುದೂ ಆ ದಿನಗಳಲ್ಲೇ. ಉಬ್ಬರಕ್ಕೂ ಇಳಿತಕ್ಕೂ ಆಗ ಸುಮಾರು ಎರಡು ಮೀಟರ್ ವ್ಯತ್ಯಾಸ. ಆಮೇಲೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿ ಹೊತ್ತಿಗೆ ಬಂದರೆ ಇಳಿತ ಮಧ್ಯಾಹ್ನಕ್ಕೆ ಬೀಳುತ್ತದೆ. ಮಾರ್ಚ್ ಬಿಸಿಲಲ್ಲಿ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಮಾರನೇ ದಿನದಿಂದ ನಾಲ್ಕು ದಿನ ಹಿಡಿಯಿರಿ. ಬೆಳಿಗ್ಗೆ ಆರರಿಂದ ಎಂಟರವರೆಗಿನ ತಂಪು ಹೊತ್ತು ನಿಮಗೆ ಸಿಗುತ್ತದೆ.

ಆ ಹೊತ್ತಿಗೆ ಮಗನನ್ನು ಗೋಕರ್ಣದ ಊರ ಬೀಚಿನ ದಕ್ಷಿಣ ತುದಿಗೆ, ರಾಮತೀರ್ಥದ ಕೆಳಗಿನ ಬಂಡೆಗಳ ಹತ್ತಿರ ಕರೆದುಕೊಂಡು ಹೋಗಿ. ದೂರದ ಬಂಡೆ ಬೇಡ, ಮರಳಿಗೆ ತಾಗಿಕೊಂಡಿರುವುದು ಸಾಕು. ನೀರು ಇಳಿದ ಮೇಲೆ ಕಲ್ಲಿನ ಗುಳಿಗಳಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ. ಒಂದೇ ಗುಳಿ ಆರಿಸಿಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ. ಅವನ ನೆರಳು ನೀರಿನ ಮೇಲೆ ಬೀಳಬಾರದು. ಮೊದಲು ಏನೂ ಕಾಣುವುದಿಲ್ಲ. ಮಕ್ಕಳು "ಟೀಚರ್, ಏನೂ ಇಲ್ಲ" ಅನ್ನುವುದೇ ಆಗ. ಸ್ವಲ್ಪ ಹೊತ್ತು ಸುಮ್ನೆ ಕೂತರೆ ತಳದಲ್ಲಿದ್ದ ಒಂದು ಶಂಖ ನಡೆಯಲು ಶುರುಮಾಡುತ್ತದೆ. ಅದರೊಳಗೆ ಏಡಿ ಇದೆ. ಅದಕ್ಕೆ ಹಿಂಭಾಗದಲ್ಲಿ ಗಟ್ಟಿ ಚಿಪ್ಪಿಲ್ಲ. ಅದಕ್ಕೇ ಸತ್ತ ಶಂಖದ ಮನೆ ಹುಡುಕಿಕೊಂಡು ಸೇರುತ್ತದೆ, ದೊಡ್ಡದಾದಂತೆ ಮನೆ ಬದಲಾಯಿಸುತ್ತದೆ. ಕಲ್ಲಿಗೆ ಅಂಟಿದ ಬಿಳಿ ಮೊನಚು ಚಿಪ್ಪುಗಳಿರುತ್ತವೆ. ಒಣಗಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತವೆ. ನೀರೊಳಗೆ ಇರುವುದನ್ನು ನೋಡಿ, ಬಾಯಿಯಿಂದ ಕೂದಲಿನಷ್ಟು ಸಣ್ಣ ಕಾಲುಗಳು ಹೊರಬಂದು ನೀರನ್ನು ಬಾಚಿ ಬಾಚಿ ಒಳಗೆಳೆಯುತ್ತವೆ. ಅವು ಊಟ ಮಾಡುತ್ತಿರುವುದು. ನಿಮ್ಮ ಮಗ ಅದನ್ನು ಒಮ್ಮೆ ಕಂಡರೆ ಎದ್ದು ಬರುವುದಿಲ್ಲ ನೋಡಿ.

ಚಿಪ್ಪು ಆರಿಸಲಿ, ಆದರೆ ಒಳಗೆ ಜೀವ ಇದೆಯಾ ಅಂತ ನೋಡಿ ಆರಿಸಲಿ. ಖಾಲಿ ಶಂಖವನ್ನೂ ಚೀಲಗಟ್ಟಲೆ ತುಂಬಿಕೊಳ್ಳುವುದು ಬೇಡ. ನಾಳೆ ಯಾವುದೋ ಏಡಿಗೆ ಮನೆ ಬೇಕಲ್ವಾ?

ಇನ್ನು ನಿಮ್ಮತ್ತೆ. ಮಹಾಬಲೇಶ್ವರ ದೇವಸ್ಥಾನದಿಂದ ಕಡಲು ಹತ್ತಿರವೇ. ದರ್ಶನ ಮುಗಿಸಿ ನಿಧಾನವಾಗಿ ನಡೆದು ಮರಳಿಗೆ ಬರಬಹುದು. ದೇವಸ್ಥಾನದ ಒಳಗೆ ಗಂಡಸರು ಅಂಗಿ ತೆಗೆಯಬೇಕು, ಯಜಮಾನರಿಗೆ ಪಂಚೆ ಇಟ್ಟುಕೊಳ್ಳಿ. ಕುಡ್ಲೆ, ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ಕಾಲುದಾರಿ ಅಥವಾ ದೋಣಿಯೇ ಗತಿ. ಆ ನಾಲ್ಕನ್ನೂ ಈ ಸಲ ಬಿಟ್ಟುಬಿಡಿ. ಅತ್ತೆಯನ್ನು ಕಾರಲ್ಲಿ ಕೂರಿಸಿ ನೀವು ಮೂವರು ಇಳಿದು ಹೋದರೆ ಅವರ ಮನಸ್ಸಿಗೆ ಎಷ್ಟು ಬೇಜಾರಾಗಬಹುದು, ಯೋಚಿಸಿ.

ಬಿಸಿಲೇರುವ ಮುಂಚೆ ಒಂದು ದಿನ ಸಾಣಿಕಟ್ಟಾಕ್ಕೆ ಹೋಗಿ. ಹೆದ್ದಾರಿಯಿಂದ ಗೋಕರ್ಣಕ್ಕೆ ಬರುವ ದಾರಿಯಲ್ಲೇ ಉಪ್ಪಿನ ಆಗರಗಳಿವೆ. ಮಾರ್ಚ್ ಅಂದರೆ ಅಲ್ಲಿ ಕೆಲಸದ ಕಾಲ. ಉಬ್ಬರದಲ್ಲಿ ಒಳಬಿಟ್ಟ ಉಪ್ಪುನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಪಾತಿಯಲ್ಲಿ ಹರಳು ಕಟ್ಟುತ್ತದೆ, ಅದನ್ನು ಎಳೆದು ರಾಶಿ ಹಾಕುತ್ತಾರೆ. ಅಲ್ಲಿಯವರನ್ನು ಕೇಳಿಯೇ ಬದುವಿನ ಮೇಲೆ ಹೋಗಿ. ನಿಮ್ಮತ್ತೆ ರಸ್ತೆ ಬದಿಯಿಂದಲೇ ನೋಡಬಹುದು.

ಅಲ್ಲಿಂದ ತದಡಿ ಹತ್ತಿರ. ಕಾರನ್ನು ಅಲ್ಲೇ ಬಿಟ್ಟು ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಿ. ಶಾಲೆ ಮಕ್ಕಳು, ಮೀನು ಬುಟ್ಟಿ, ಸೈಕಲ್ಲು, ಎಲ್ಲ ಅದರಲ್ಲೇ ದಾಟುತ್ತವೆ. ನನಗೆ ಈ ಜಿಲ್ಲೆಯಲ್ಲಿ ಅತಿ ಪ್ರೀತಿಯ ಜಾಗ ಈ ಅಳಿವೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಸಿಹಿನೀರು ತಡೆಯಿಲ್ಲದೆ ಬಂದು ಉಪ್ಪುನೀರು ಸೇರುವುದರಿಂದಲೇ ಇಲ್ಲಿ ಬೆಳಚು (ಚಿಪ್ಪುಮೀನು), ಶೆಟ್ಲಿ (ಸಿಗಡಿ), ಏಡಿ ಇಷ್ಟು ಹುಲುಸು. 2024ರಲ್ಲಿ ಇದಕ್ಕೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಅನ್ನುವ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಲ್ಲಿ ಹೆಂಗಸರು ಸೊಂಟದುದ್ದ ನೀರಲ್ಲಿ ನಿಂತು ಕಾಲಿನಿಂದ ತಡಕಿ ಬೆಳಚು ಎತ್ತುವುದನ್ನು ಮಗನಿಗೆ ತೋರಿಸಿ. ಸುತ್ತಲಿನ ಗಜನಿ ಗದ್ದೆಗಳಲ್ಲಿ (ಅಳಿವೆ ಬದಿಯ ತಗ್ಗು ಗದ್ದೆಗಳು) ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು. ಆದರೆ ದೋಣಿಗೆ ಹತ್ತಿ ಇಳಿಯುವಾಗ ಅತ್ತೆಯ ಮಂಡಿಗೆ ಕಷ್ಟ ಆಗಬಹುದು. ಉಬ್ಬರದ ಹೊತ್ತಲ್ಲಿ ದೋಣಿ ದಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಮಟ್ಟಕ್ಕೆ ಬರುತ್ತದೆ, ಆಗ ಸುಲಭ.

ಅಂಕೋಲಾ_ದಂಡೆ ಬರೆದದ್ದು:

ಟೀಚರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ ಅಕ್ಕಾ. ನಮ್ಮದು ಮೀನುಗಾರರ ಮನೆ.

ಕಡಲಿಗೆ ಚಾಚಿದ ಎರಡು ಗುಡ್ಡದ ಮೂಗುಗಳ ನಡುವಿನ ಸಣ್ಣ ಬೀಚುಗಳಲ್ಲಿ ದಡಕ್ಕೆ ಬಂದ ನೀರು ಬಂಡೆಯ ಪಕ್ಕದಿಂದಲೇ ವಾಪಸ್ ಹೋಗುತ್ತದೆ. ಅಲ್ಲಿ ತೆರೆ ಒಡೆಯುವುದು ಕಮ್ಮಿ, ನೀರು ಶಾಂತ ಕಾಣುತ್ತದೆ. ಹೊರಗಿನವರು ಅದೇ ಸುರಕ್ಷಿತ ಅಂದುಕೊಂಡು ಅಲ್ಲೇ ಇಳಿಯುತ್ತಾರೆ. ಸೆಳೆತ ಇರುವುದೇ ಅಲ್ಲಿ. ಈಜು ಬಾರದವರು ಮೊಣಕಾಲಿನ ಮೇಲೆ ನೀರಿಗೆ ಹೋಗಲೇಬೇಡಿ, ಬಂಡೆ ಪಕ್ಕದಲ್ಲಂತೂ ಪಾದ ನೆನೆಯುವಷ್ಟೇ ಸಾಕು. ಯಾರನ್ನಾದರೂ ನೀರು ಎಳೆದರೆ ನೀವು ಹಿಂದೆ ಹಾರಬೇಡಿ. ಲೈಫ್‌ಗಾರ್ಡನ್ನು ಕೂಗಿ, ತೇಲುವಂಥದ್ದು ಏನಾದರೂ ಎಸೆಯಿರಿ. ಸಿಕ್ಕಿಕೊಂಡವರು ದಡದ ಕಡೆ ಗುದ್ದಾಡಬಾರದು, ತೇಲುತ್ತ ದಡದ ಉದ್ದಕ್ಕೆ, ಪಕ್ಕಕ್ಕೆ ಸರಿಯಬೇಕು.

ಹಸಿರು ಪಾಚಿ ಇರುವ ಕಲ್ಲು ಒಣಗಿದಂತೆ ಕಂಡರೂ ಜಾರುತ್ತದೆ. ಕಪ್ಪಗೆ ಒದ್ದೆಯಾಗಿರುವ ಬಂಡೆಗೆ ತೆರೆ ಈಗಷ್ಟೇ ಬಂದು ಹೋಗಿದೆ ಅಂತ ಅರ್ಥ, ಮತ್ತೆ ಬರುತ್ತದೆ. ಅದರ ಮೇಲೆ ನಿಂತು ಫೋಟೊ ಬೇಡ. ನೀರು ಏರಲು ಶುರುವಾದ ಕೂಡಲೇ ಮರಳಿಗೆ ವಾಪಸ್ ಬನ್ನಿ.

ಹೊನ್ನಾವರ_ಬಂದರು ಬರೆದದ್ದು:

ಒಂದು ದಿನ ನಮ್ಮ ಕಡೆಗೂ ಬನ್ನಿ. ವಯಸ್ಸಾದವರಿಗೆ ಹೊನ್ನಾವರದ ಕಾಸರಕೋಡಿನ ಇಕೋ ಬೀಚ್ ಅನುಕೂಲ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚು ಅದು. ಶೌಚಾಲಯ, ಕೂರಲು ನೆರಳು, ಎಲ್ಲ ಇದೆ. ಹತ್ತಿರದಲ್ಲೇ ಶರಾವತಿ ಹಿನ್ನೀರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಮೆಲ್ಲಗೆ ನಡೆದರೆ ಕೆಳಗಿನ ಕೆಸರಲ್ಲಿ ಏಡಿಗಳು ಬಿಲದಿಂದ ಹೊರಬಂದು ಓಡಾಡುವುದು ಕಾಣುತ್ತದೆ.

ಕಾಸರಕೋಡ ಟೊಂಕದ ದಂಡೆಯಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಮಾರ್ಚ್‌ನಲ್ಲಿ ಮರಿಗಳನ್ನು ಕಡಲಿಗೆ ಬಿಡುವ ದಿನ ಸಿಕ್ಕರೆ ನಿಮ್ಮ ಅದೃಷ್ಟ. ಟಾರ್ಚು, ಫ್ಲ್ಯಾಶ್ ಹಾಕಬೇಡಿ, ಮರಿಗಳು ಬೆಳಕು ಕಂಡ ಕಡೆ ತಿರುಗಿಬಿಡುತ್ತವೆ.

ಮಾರ್ಚ್ ಯಕ್ಷಗಾನದ ಕಾಲವೂ ಹೌದು. ರಾತ್ರಿ ಎಲ್ಲಿ ಆಟ ಇದೆ ಅಂತ ಹೋಟೆಲಿನವರನ್ನು ಕೇಳಿ, ಅತ್ತೆಗೆ ಖಂಡಿತ ಇಷ್ಟವಾಗುತ್ತದೆ.

ದಾವಣಗೆರೆ_ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್, ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. "ಉಪ್ಪು ಮಾಡೋದನ್ನ ನೋಡ್ಲೇಬೇಕು" ಅಂತ ಈಗಲೇ ಹೇಳುತ್ತಿದ್ದಾರೆ. ಯಾಣ ಬಿಟ್ಟರೆ ಯಜಮಾನರಿಗೆ ಬೇಸರ, ಅದನ್ನು ಸೇರಿಸಬಹುದಾ? ಘಟ್ಟ ಇಳಿಯಲು ಯಾವ ದಾರಿ ಒಳ್ಳೆಯದು? ಊಟಕ್ಕೆ ಅತ್ತೆ ಸಸ್ಯಾಹಾರಿ, ನಾವು ಮೂವರು ಮೀನು ತಿನ್ನುತ್ತೇವೆ.

ಕುಮಟೆ_ಟೀಚರ್:

ಯಾಣ ಕಡಲಿನದ್ದಲ್ಲ, ಕಾಡಿನದ್ದು. ಸುಣ್ಣಕಲ್ಲಿನ ಆ ಕಪ್ಪು ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ನೋಡುವಂಥದ್ದೇ. ಆದರೆ ಕೊನೆಗೆ ನಡಿಗೆ, ಮೆಟ್ಟಿಲು ಎರಡೂ ಇವೆ. ಯಜಮಾನರು ಮಗನನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹೋಗಿ ಬರಲಿ. ಆ ಹೊತ್ತು ನೀವು ಅತ್ತೆ ಜೊತೆ ಗೋಕರ್ಣದ ರಥಬೀದಿ, ಕೋಟಿತೀರ್ಥದ ಕಡೆ ಇರಿ.

ದಾವಣಗೆರೆಯಿಂದ ಶಿರಸಿ ಮೇಲೆ ಬಂದು ದೇವಿಮನೆ ಘಟ್ಟ ಇಳಿಯುವುದು ಹತ್ತಿರದ ದಾರಿ. ಅಗಲೀಕರಣದ ಕೆಲಸಕ್ಕೆ ಅದನ್ನು ಮುಚ್ಚಿದ್ದುಂಟು, ಹೊರಡುವ ದಿನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿ. ಮುಚ್ಚಿದ್ದರೆ ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲಾ ಮೇಲೆ ಬನ್ನಿ.

ಊಟದ ಚಿಂತೆ ಬೇಡ. ಅತ್ತೆಗೆ ತೆಳ್ಳೇವು, ತಂಬುಳಿ, ಅಪ್ಪೆಹುಳಿ ಕೇಳಿ ನೋಡಿ. ಬಿಸಿಲಿಗೆ ಮುರುಗಲು (ಕೋಕಂ) ಶರಬತ್ತು ಒಳ್ಳೆಯದು. ನೀವು ಬಂಗಡೆ, ಇಸೋಣ ಮೀನು ತಿನ್ನಿ. ಬೆಳಚು ಸಿಕ್ಕರೆ ಕಾಯಿ ಹಾಕಿದ ಸುಕ್ಕ ಬಿಡಬೇಡಿ.

ವಾಪಸ್ ಹೋಗುವಾಗ ಕುಮಟಾ ಹತ್ತಿರ, ಹಂದಿಗೋಣ, ಅಳ್ವೇಕೋಡಿ ಕಡೆ ಹೆದ್ದಾರಿ ಪಕ್ಕದಲ್ಲಿ ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿರುತ್ತಾರೆ. ಎರಡು ಜಡೆ ತೆಗೆದುಕೊಳ್ಳಿ. ಡಿಕ್ಕಿಯಲ್ಲಿ ಮುಚ್ಚಿಡಬೇಡಿ, ಬೆವರಿ ಕೊಳೆಯುತ್ತವೆ. ಮನೆಗೆ ಹೋದ ಕೂಡಲೇ ಗಾಳಿಯಾಡುವ ಕಡೆ ನೇತುಹಾಕಿ. ತಿಥಿ ನೋಡಿ ದಿನ ಗೊತ್ತು ಮಾಡಿದ ಮೇಲೆ ಇಲ್ಲೇ ಬರೆಯಿರಿ, ಆ ನಾಲ್ಕು ದಿನದ ಇಳಿತದ ಹೊತ್ತನ್ನು ನೋಡಿ ಹೇಳುತ್ತೇನೆ.