ಡಿಸ್ಕ್ ಗಾಲ್ಫ್: ದೂರ ಎಸೆಯೋಕೆ ಯಾವ ಡ್ರೈವರ್ ತಗೊಳ್ಳಲಿ?

ಪ್ರಶ್ನೆ (ಹಾಸನ): ಕೋಚ್ ಸರ್, ನಮಸ್ಕಾರ. ನಾವು ಒಂದಷ್ಟು ಸ್ನೇಹಿತರು ಭಾನುವಾರ ಬೆಳಗ್ಗೆ ಮೈದಾನದಲ್ಲಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಬುಟ್ಟಿಗೆ ಎಸೆಯೋ ಆಟ) ಆಡುತ್ತೇವೆ. ನಮ್ಮಲ್ಲಿ ಬುಟ್ಟಿ ಇಲ್ಲ, ಗೋಲ್ ಕಂಬಕ್ಕೆ ತಾಗಿಸಿದರೆ ಲೆಕ್ಕ. ಹೊರದೇಶದಲ್ಲಿರುವ ಭಾವ ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಅನ್ನೋ ಡ್ರೈವರ್ (ದೂರ ಎಸೆಯೋ ಡಿಸ್ಕ್) ತಂದುಕೊಟ್ಟಿದ್ದಾರೆ, 175 ಗ್ರಾಂ. ನನ್ನದು ಬಲಗೈ ಬ್ಯಾಕ್‌ಹ್ಯಾಂಡ್, ಅಂದ್ರೆ ಕೈಯನ್ನು ಎದೆಯ ಅಡ್ಡಕ್ಕೆ ಎಳೆದು ಎಸೆಯೋದು. ಎಷ್ಟು ಜೋರಾಗಿ ಎಸೆದರೂ 60 ಮೀಟರ್ ದಾಟಲ್ಲ, ಸ್ವಲ್ಪ ಹೋಗಿ ಎಡಕ್ಕೆ ವಾಲಿ ಬಿದ್ದುಬಿಡುತ್ತೆ. ಮಧ್ಯಮ ದೂರಕ್ಕೆ ಎಸೆಯೋ ಮಿಡ್‌ರೇಂಜ್ ಡಿಸ್ಕೂ ಹೆಚ್ಚುಕಮ್ಮಿ ಅಷ್ಟೇ ದೂರ ಹೋಗುತ್ತೆ. ಭಾವ ಮುಂದಿನ ತಿಂಗಳು ಮತ್ತೆ ಬರ್ತಿದ್ದಾರೆ. ಸ್ಪೀಡ್ 13 ಇರುವ ಬಾಸ್ ಅನ್ನೋ ಡ್ರೈವರ್ ತರಿಸಿದರೆ ಇನ್ನೂ ದೂರ ಹೋಗುತ್ತಾ?

ಉತ್ತರ: ಬಾಸ್ ಬೇಡ. ನಿಮ್ಮ ಪ್ರಶ್ನೆಯ ಒಳಗೇ ಕಾರಣ ಇದೆ. ಡ್ರೈವರ್ರೂ ಮಿಡ್‌ರೇಂಜೂ ಒಂದೇ ದೂರ ಹೋಗುತ್ತೆ ಅಂದ್ರೆ, ಆ ಡ್ರೈವರ್‌ಗೆ ಬೇಕಾದ ವೇಗ ಕೈಯಿಂದ ಸಿಗುತ್ತಿಲ್ಲ ಅಂತ.

ಡಿಸ್ಕ್ ಮೇಲೆ ನಾಲ್ಕು ಅಂಕಿ ಇರುತ್ತವೆ: ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲೋ ಗುಣ), ಟರ್ನ್, ಫೇಡ್. ಡೆಸ್ಟ್ರಾಯರ್‌ಗೆ 12, 5, ಮೈನಸ್ 1, 3. ಈ 12 ನೋಡಿ ಜನ ಮೋಸ ಹೋಗುತ್ತಾರೆ. ಡಿಸ್ಕ್ ಸರಿಯಾಗಿ ಹಾರಬೇಕಾದರೆ ನೀವು ಎಷ್ಟು ವೇಗ ಕೊಡಬೇಕು ಅಂತ ಅದು ಹೇಳುತ್ತೆ, ಅದಾಗಿ ಅದೇ ನಿಮಗೆ ಯಾವ ವೇಗವನ್ನೂ ಕೊಡಲ್ಲ. ಬಲಗೈ ಬ್ಯಾಕ್‌ಹ್ಯಾಂಡಲ್ಲಿ ಬಿಟ್ಟ ಡಿಸ್ಕ್ ವೇಗ ಇರುವಾಗ ಬಲಕ್ಕೆ ಹೊರಳುತ್ತೆ, ಅದು ಟರ್ನ್; ಮೈನಸ್ ಜಾಸ್ತಿ ಇದ್ದಷ್ಟೂ ಜಾಸ್ತಿ ಹೊರಳುತ್ತೆ. ವೇಗ ಇಳಿದ ಮೇಲೆ ಎಡಕ್ಕೆ ಬರುತ್ತೆ, ಅದು ಫೇಡ್. ಎರಡೂ ಆದರೆ ಹಾದಿ ಉದ್ದವಾದ 'ಎಸ್' ಆಕಾರಕ್ಕೆ ಬಂದು ದೂರ ಸಿಗುತ್ತೆ. ನಿಮ್ಮದರಲ್ಲಿ ಮೊದಲ ಅರ್ಧ ನಡೆಯುತ್ತಲೇ ಇಲ್ಲ, ನಿಂತ ಬೈಕನ್ನು ಐದನೇ ಗೇರಲ್ಲಿ ಎತ್ತೋಕೆ ಹೋದ ಹಾಗೆ. ಬಾಸ್ ತಗೊಂಡರೆ ಇದೇ ಕಥೆ ಇನ್ನೂ ಬೇಗ ಮುಗಿಯುತ್ತೆ.

ಭಾವನಿಗೆ ಹೇಳಿ ಎರಡು ಡಿಸ್ಕ್ ತರಿಸಿ. ಒಂದು ಲೆಪರ್ಡ್: 6, 5, ಮೈನಸ್ 2, 1. ಇದು ಫೇರ್‌ವೇ ಡ್ರೈವರ್, ಅಂದ್ರೆ ಕಡಿಮೆ ವೇಗಕ್ಕೂ ಒಗ್ಗುವ ಡ್ರೈವರ್, ಕಲಿಯೋದು ಇದರಲ್ಲೇ. ಇನ್ನೊಂದು ಸೈಡ್‌ವೈಂಡರ್: 9, 5, ಮೈನಸ್ 3, 1. ನಿಮ್ಮ ಕೈಗೆ ಈಗ ನಿಜವಾದ ಡಿಸ್ಟೆನ್ಸ್ ಡ್ರೈವರ್ ಇದೇ. ತೂಕ 150ರಿಂದ 160 ಗ್ರಾಂ ಒಳಗಿರಲಿ. ಹಗುರ ಇದ್ದರೆ ಕಡಿಮೆ ಬಲಕ್ಕೇ ವೇಗ ಬರುತ್ತೆ. ಸೈಡ್‌ವೈಂಡರ್ ಸಿಗದಿದ್ದರೆ ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಕಂಪನಿಯ ಡೈಮಂಡ್ ನೋಡಿ: 8, 6, ಮೈನಸ್ 3, 1.

ಇನ್ನೊಂದು ಅನುಮಾನ ಇದೆ. ಮುಂದಿನ ಸಲ ಎಸೆತವನ್ನು ಪಕ್ಕದಿಂದ ಯಾರಾದರೂ ಮೊಬೈಲಲ್ಲಿ ವಿಡಿಯೊ ಮಾಡಲಿ. ಡಿಸ್ಕ್ ಮೇಲಕ್ಕೆ ಏರಿ, ಅಲ್ಲೇ ನಿಂತ ಹಾಗಾಗಿ, ಆಮೇಲೆ ಎಡಕ್ಕೆ ಜಾರುತ್ತಾ? ಹಾಗಿದ್ದರೆ ಕೈಬಿಡುವಾಗ ಮುಂದಿನ ಅಂಚು ಮೇಲೆದ್ದಿದೆ. ಯಾವ ಡಿಸ್ಕ್ ತಗೊಂಡರೂ ಇದು ಸರಿಹೋಗಲ್ಲ. ಮಣಿಕಟ್ಟು ಸ್ವಲ್ಪ ಕೆಳಗಿರಲಿ, ಕೀಲಿ ತಿರುಗಿಸುವಾಗ ಇಡುತ್ತೀರಲ್ಲ ಆ ಥರ, ಜೊತೆಗೆ ಎಸೆತ ಎದೆಮಟ್ಟದಲ್ಲಿ ನೇರ ಬರಲಿ.

ಪ್ರಶ್ನೆ (ಹಾಸನ): ಆದರೆ ಸರ್, ದೊಡ್ಡ ಆಟಗಾರರೆಲ್ಲ ಡೆಸ್ಟ್ರಾಯರ್ ಥರದ್ದನ್ನೇ ಎಸೆಯುತ್ತಾರಲ್ಲ? ಯಾರೋ 338 ಮೀಟರ್ ಎಸೆದಿದ್ದಾರಂತೆ.

ಉತ್ತರ: ಹೌದು, ಡೇವಿಡ್ ವಿಗಿನ್ಸ್ ಜೂನಿಯರ್, 2016ರಲ್ಲಿ. ಅದು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ, ಜೋರು ಗಾಳಿ ಬೆನ್ನಿಗಿದ್ದಾಗ, ದೂರ ಎಸೆಯೋದಕ್ಕೆಂದೇ ನಡೆದ ಸ್ಪರ್ಧೆ. ಮೇಲ್ಮಟ್ಟದ ಆಟಗಾರರ ಕೈಯಿಂದ ಡಿಸ್ಕ್ ಗಂಟೆಗೆ 110 ಕಿ.ಮೀ. ಮೀರಿ ಹೊರಡುತ್ತೆ. ಆ ವೇಗಕ್ಕೆ ಲೆಪರ್ಡ್ ಕೊಟ್ಟರೆ ಬಲಕ್ಕೆ ಮಗುಚಿ ನೆಲ ಸೇರುತ್ತೆ, ಹಾಗಾಗಿ ಅವರಿಗೆ ಸುಲಭಕ್ಕೆ ಮಗುಚದ ಡಿಸ್ಕೇ ಬೇಕು. ನಿಮಗೆ ನನ್ನ ಲೆಕ್ಕ ಇದು: ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕಲ್ಲಿ 100 ಮೀಟರ್ ಓಟದ ಗೆರೆ ಇರುತ್ತಲ್ಲ, ಬೆಳಗ್ಗೆ ಗಾಳಿ ಇಲ್ಲದಾಗ ಅದರ ಪಕ್ಕ ನಿಂತು ಎಸೆಯಿರಿ. ಸೈಡ್‌ವೈಂಡರ್ ಸುಮಾರಾಗಿ ಎಲ್ಲ ಸಲವೂ 90 ಮೀಟರ್ ದಾಟಿ, ಜಾಸ್ತಿ ಬಲಕ್ಕೆ ಮಗುಚೋಕೆ ಶುರುವಾದರೆ, ಆಗ ಡೆಸ್ಟ್ರಾಯರ್ ತೆಗೆಯಿರಿ. ಅದನ್ನು ಮಾರಬೇಡಿ ಮತ್ತೆ, ಎದುರುಗಾಳಿಗೆ ಬೇಕಾಗುತ್ತೆ.

ಪ್ರಶ್ನೆ (ಚಿಕ್ಕಮಗಳೂರು): ಸರ್, ನಂದು ಎಡಗೈ. ಅಣ್ಣನ ತೋಟದ ಪಕ್ಕದ ಇಳಿಜಾರಲ್ಲಿ ಆಡ್ತೀವಿ, ಸಿಲ್ವರ್ ಮರವೇ ನಮ್ಮ ಬುಟ್ಟಿ. ಆಷಾಢದ ಗಾಳಿಮಳೆ ಶುರುವಾದ ಮೇಲೆ ಸೈಡ್‌ವೈಂಡರ್ ಹಿಡಿತಕ್ಕೇ ಸಿಗ್ತಿಲ್ಲ. ಒಂದಂತೂ ಕಾಫಿ ಗಿಡದೊಳಗೆ ಹೋಯ್ತು, ಸಿಗಲೇ ಇಲ್ಲ. ನಾನು ಏನು ತಗೊಳ್ಳಲಿ?

ಉತ್ತರ: ಮೇಡಂ, ಎಡಗೈಗೆ ಬೇರೆ ಡಿಸ್ಕ್ ಇಲ್ಲ. ಮೇಲೆ ಬರೆದಿದ್ದರಲ್ಲಿ ಎಡ ಬಲ ಅದಲು ಬದಲು ಮಾಡಿ ಓದಿಕೊಳ್ಳಿ, ಸಾಕು.

ಎದುರುಗಾಳಿಯಲ್ಲಿ ಯಾವ ಡಿಸ್ಕ್ ಆದರೂ ಟರ್ನ್ ಜಾಸ್ತಿ ಮಾಡುತ್ತೆ. ಸೈಡ್‌ವೈಂಡರ್ ಥರ ಟರ್ನ್ ಮೈನಸ್ 3 ಇರುವುದು ಇನ್ನೂ ಬೇಗ ಮಗುಚುತ್ತೆ. ಬೆನ್ನಗಾಳಿಯಲ್ಲಿ ಉಲ್ಟಾ, ಫೇಡ್ ಬೇಗ ಬರುತ್ತೆ, ಆಗ ಸೈಡ್‌ವೈಂಡರ್ ಚೆನ್ನ. ಗಾಳಿ ಎದುರಿಗಿದ್ದ ದಿನ ವಾಲ್ಕರಿ ಎಸೆಯಿರಿ: 9, 4, ಮೈನಸ್ 2, 2. ಸ್ಪೀಡ್ ಅದೇ, ಮಗುಚದೆ ಇರೋ ಹಟ ಸ್ವಲ್ಪ ಜಾಸ್ತಿ. ತೂಕವೂ 165 ಗ್ರಾಂ ಮೇಲಿರಲಿ, ತೀರಾ ಹಗುರವಾದರೆ ಗಾಳಿ ಎತ್ತಿಕೊಂಡು ಹೋಗುತ್ತೆ. ಇಳಿಜಾರಲ್ಲಿ ಕೆಳಕ್ಕೆ ಎಸೆದ ಡಿಸ್ಕ್ ಜಾಸ್ತಿ ಹೊತ್ತು ಗಾಳಿಯಲ್ಲಿರುತ್ತೆ, ಫೇಡ್ ನಡೆಯೋಕೆ ಅಷ್ಟು ಸಮಯ ಸಿಗುತ್ತೆ. ನಿಮಗದು ಬಲಕ್ಕೆ, ಹಾಗಾಗಿ ಮರದಿಂದ ಸ್ವಲ್ಪ ಎಡಕ್ಕೇ ಗುರಿ ಇಡಿ.

ಪ್ಲಾಸ್ಟಿಕ್ ವಿಷಯ. ಇನ್ನೋವಾ ಡಿಸ್ಕುಗಳು ಚಾಂಪಿಯನ್, ಸ್ಟಾರ್, ಡಿಎಕ್ಸ್ ಅಂತ ಬೇರೆ ಬೇರೆ ಪ್ಲಾಸ್ಟಿಕ್‌ನಲ್ಲಿ ಬರುತ್ತವೆ. ಚಾಂಪಿಯನ್ ಪ್ಲಾಸ್ಟಿಕ್ ವರ್ಷಗಟ್ಟಲೆ ಬಾಳುತ್ತೆ, ಆದರೆ ಒದ್ದೆಯಾದರೆ ಜಾರುತ್ತೆ. ಮಳೆಗಾಲಕ್ಕೆ ಸ್ಟಾರ್ ವಾಸಿ. ಡಿಎಕ್ಸ್‌ನಲ್ಲಿ ಹಿಡಿತ ಚೆನ್ನಾಗಿದೆ, ಬೆಲೆಯೂ ಕಮ್ಮಿ. ಮರಕ್ಕೆ ಬಡಿದು ಬಡಿದು ಅಂಚು ಸವೆದರೆ ಟರ್ನ್ ಜಾಸ್ತಿಯಾಗುತ್ತೆ, ಅಷ್ಟೇ. ಎರಡು ಒಣ ಟವೆಲ್ ಇಟ್ಟುಕೊಳ್ಳಿ, ಒಂದು ಡಿಸ್ಕಿಗೆ, ಒಂದು ಕೈಗೆ. ಹಸಿರು, ಕಂದು ಬಣ್ಣ ತಗೊಳ್ಳಲೇಬೇಡಿ. ಗುಲಾಬಿ ಅಥವಾ ತಿಳಿ ನೀಲಿ ಕಾಫಿ ಗಿಡದ ಬುಡದಲ್ಲೂ ಕಣ್ಣಿಗೆ ಬೀಳುತ್ತೆ. ಕೆಂಪೂ ಬೇಡ, ಹಣ್ಣಿನ ಕಾಲದಲ್ಲಿ ಹುಡುಕೋದು ಕಷ್ಟ.