ಅಪ್‌ಡೇಟ್: ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸಿದೆ, ಪಿಕಪ್ ವಾಪಸ್ ಬಂತು

ನನ್ನ 2014ರ ಸಣ್ಣ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ಸ್ಕ್ಯಾನರ್‌ನಲ್ಲಿ ಪಿ0420 ಕೋಡ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ) ಬರುತ್ತಿದೆ, ಏರಿನಲ್ಲಿ ಗಾಡಿ ಎಳೆಯುತ್ತಲೇ ಇಲ್ಲ ಅಂತ ಕೇಳಿದ್ದೆ. ಕನ್ವರ್ಟರ್ ಒಳಗಿನದ್ದನ್ನೆಲ್ಲ ಒಡೆದು ತೆಗೆದು ಖಾಲಿ ಮಾಡಿಬಿಡೋಣ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ದರು. ನಾನು ಒಪ್ಪಲಿಲ್ಲ. ಆ ವಿಷದ ಹೊಗೆ ಕುಡಿಯುವವರು ನಮ್ಮ ಬೀದಿಯ ಮಕ್ಕಳೇ ಅಲ್ವಾ?

ಬೇರೆ ಕಡೆ ತೋರಿಸಿದೆ. ಅವರು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಒಳಗೆ ಗಲಗಲ ಸದ್ದು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ, ಜೇನುಗೂಡಿನಂಥ ಸೆರಾಮಿಕ್ ಒಂದು ಕಡೆ ಪುಡಿಯಾಗಿತ್ತು, ಇನ್ನೊಂದು ಕಡೆ ಕರಗಿ ದಾರಿಯೇ ಮುಚ್ಚಿತ್ತು. ಮೂಲ ಕಾರಣ ಇಗ್ನಿಷನ್ ಕಾಯಿಲ್, ಅಂದ್ರೆ ಪ್ಲಗ್‌ಗೆ ಕಿಡಿ ಹಾರಿಸಲು ಕರೆಂಟ್ ಕೊಡುವ ಭಾಗ. ಅದು ಹಾಳಾಗಿ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿತ್ತು. ಅಲ್ಲಿ ಸುಡದೆ ಉಳಿದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಉರಿದರೆ ಸೆರಾಮಿಕ್ ಕೂಡ ಕರಗುತ್ತದೆ. ಹಾಗಾಗಿ ಮೊದಲು ಕಾಯಿಲ್, ಪ್ಲಗ್ ಸರಿ ಮಾಡಿಸಿ. ಇಲ್ಲದಿದ್ದರೆ ಹೊಸ ಕನ್ವರ್ಟರ್ ಕೂಡ ಸುಮ್ನೆ ಹಾಳಾಗುತ್ತದೆ.

ಕನ್ವರ್ಟರ್ ಬದಲಾಯಿಸುವಾಗ ತುಕ್ಕು ಹಿಡಿದ ನಟ್‌ಗಳದ್ದೇ ಜಾಸ್ತಿ ಕಾಟ. ಜೊತೆಗೆ ಹೊಗೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಈಗ ಲೈಟ್ ಆರಿದೆ, ಎಮಿಷನ್ ಟೆಸ್ಟ್ ಪಾಸಾಗಿದೆ. ಹಳೆ ಕನ್ವರ್ಟರನ್ನು ಗ್ಯಾರೇಜ್‌ನಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ಪಲ್ಲಾಡಿಯಂ, ರೋಡಿಯಂ ಥರದ ಬೆಲೆಬಾಳುವ ಲೋಹ ಇರುತ್ತದೆ, ಗುಜರಿಯಲ್ಲೂ ಒಳ್ಳೆ ದುಡ್ಡು ಸಿಗುತ್ತದೆ.